ಹೊಣೆಗಾರನಿಲ್ಲದವನ ಸೆರೆ

ಕನ್ನಡದಲ್ಲಿ ‘ಹೊಣೆ’ ಎಂಬುದು ಬಹು ಹಳೆಯ ಮಾತು. ಹಳಗನ್ನಡದಲ್ಲಿ ಅದರ ರೂಪ ‘ಪೊಣೆ’. ಒಬ್ಬನು ನಡೆಸಿಕೊಡಬೇಕಾದುದನ್ನು ಅವನು ನಡೆಸಿಯೇ ಕೊಡುವನೆಂದು ಮತ್ತೊಬ್ಬನು ತನ್ನ ಮೇಲೆ ಹೊತ್ತುಕೊಳ್ಳುವುದೇ ಹೊಣೆ. ಇಂದು ಕೋರ್ಟು ಕಚೇರಿಗಳಲ್ಲಿ ಈ ಮಾತು ಅಷ್ಟಾಗಿ ಕೇಳಿಸುವುದಿಲ್ಲ. ಅರಬ್ಬೀ ಮೂಲದಿಂದ ಪಾರಸಿಯ ದಾರಿಯಾಗಿ ಬಂದ ‘ಜಾಮೀನು’ ಅದರ ಪೀಠವನ್ನೇರಿದೆ. ಅದರ ಬೆನ್ನಿಗೆ ತುರ್ಕಿ ಮೂಲದ ‘ಮುಚ್ಚಳಿಕೆ’ಯೂ ಬಂದು ನೆಲೆಸಿದೆ. ಪರಭಾಷೆಯ ಮಾತು ಬಂದುದರಲ್ಲಿ ದೋಷವೇನೂ ಇಲ್ಲ. ನಮ್ಮ ಗಡಿನಾಡಿನ ಕನ್ನಡವಂತೂ ನಾಲ್ಕು ಭಾಷೆಗಳ ನೀರುಂಡು ಬೆಳೆದುದು. ಆದರೆ ಮಾತು ಬದಲಾದಾಗ ಅದರೊಳಗಿನ ಅರ್ಥವೂ ಬದಲಾಯಿತೇ ಎಂಬುದು ವಿಚಾರಿಸತಕ್ಕ ಸಂಗತಿ. ಹೊಣೆ ನಿಂತಿದ್ದುದು ಮನುಷ್ಯನ ಮಾತಿನ ಮೇಲೆ. ಜಾಮೀನು ಇಂದು ನಿಂತಿರುವುದು ಹೊಲದ ಉತಾರದ ಮೇಲೆ. ಈ ಎರಡರ ನಡುವಿನ ಅಂತರದಲ್ಲಿ ಎಷ್ಟು ಜನ ಬಡವರು ಸೆರೆಮನೆಯಲ್ಲಿ ಉಳಿದರೆಂಬುದೇ ಈ ಲೇಖನದ ವಿಷಯ.

ಮೊದಲು ಲೆಕ್ಕವನ್ನು ನೋಡೋಣ. ಕೇಂದ್ರ ಸರಕಾರದ ಅಪರಾಧ ದಾಖಲೆಗಳ ಸಂಸ್ಥೆ ಪ್ರಕಟಿಸಿದ ಅಂಕಿಗಳಂತೆ ೨೦೨೨ನೆಯ ಇಸವಿಯ ಕೊನೆಗೆ ಭಾರತದ ಎಲ್ಲ ಸೆರೆಮನೆಗಳಲ್ಲಿ ಕೂಡಿ ೪,೩೬,೨೬೬ ಜನರಿಗೆ ಸ್ಥಳವಿತ್ತು. ಇದ್ದವರು ೫,೭೩,೨೨೦ ಜನ. ನೂರು ಜನರ ಜಾಗದಲ್ಲಿ ನೂರಮೂವತ್ತೊಂದು ಜನ ಮಲಗುತ್ತಿದ್ದರು. ಆದರೆ ನಮ್ಮನ್ನು ಬೆರಗುಗೊಳಿಸಿದ ಅಂಕಿ ಇದಲ್ಲ. ಆ ಬಂದಿಗಳಲ್ಲಿ ೪,೩೪,೩೦೨ ಜನರ ಅಪರಾಧವು ಇನ್ನೂ ಸಿದ್ಧವಾಗಿರಲಿಲ್ಲ. ಅವರು ಶಿಕ್ಷೆಗೆ ಗುರಿಯಾದವರಲ್ಲ, ತಮ್ಮ ಖಟ್ಲೆಯ ತೀರ್ಪಿಗಾಗಿ ಕಾದವರು. ಶಿಕ್ಷೆ ಪಡೆದ ಒಬ್ಬನೂ ಒಳಗಿಲ್ಲದಿದ್ದರೂ ಕಾಯುವವರಷ್ಟರಿಂದಲೇ ದೇಶದ ಸೆರೆಮನೆಗಳೆಲ್ಲ ಹೆಚ್ಚುಕಡಿಮೆ ತುಂಬಿಹೋಗುತ್ತಿದ್ದವು ಎಂದಾಯಿತು. ಇವರೆಲ್ಲರೂ ಜಾಮೀನುದಾರ ಸಿಗದೆ ಉಳಿದವರೆಂದು ಹೇಳಿದರೆ ತಪ್ಪಾದೀತು. ಭಾರಿ ಆರೋಪವುಳ್ಳವರು, ನ್ಯಾಯಾಸನವೇ ಬಿಡುಗಡೆಯನ್ನು ನಿರಾಕರಿಸಿದವರು ಇವರಲ್ಲಿ ಬಹಳ ಜನರಿರುತ್ತಾರೆ. ಆದರೆ ‘ಬಿಡಬಹುದು’ ಎಂದು ಅಪ್ಪಣೆಯಾದ ಮೇಲೂ ಹೊರಗೆ ಬರಲಾರದೆ ಉಳಿದವರು ಇದ್ದಾರೆ. ನಾವು ವಿಚಾರಿಸಬೇಕಾದುದು ಅವರನ್ನು ಕುರಿತು.

ವಿದ್ಯಾರ್ಥಿಗಳಿಗಾಗಿ ಒಂದೆರಡು ಮಾತು. ಒಬ್ಬನ ಮೇಲೆ ಆರೋಪ ಬಂದಾಗ, ತೀರ್ಪಾಗುವವರೆಗೆ ಅವನು ನಿರಪರಾಧಿಯೆಂದೇ ಕಾಯಿದೆ ಭಾವಿಸುತ್ತದೆ. ಆದರೂ ಅವನು ವಿಚಾರಣೆಯ ದಿನ ಬಂದು ನಿಲ್ಲಬೇಕಷ್ಟೆ. ಅದಕ್ಕಾಗಿ ಅವನಿಂದ ಮುಚ್ಚಳಿಕೆ ಬರೆಯಿಸಿಕೊಳ್ಳುತ್ತಾರೆ: ಕರೆದಾಗ ಬರುತ್ತೇನೆ, ಬಾರದಿದ್ದರೆ ಇಷ್ಟು ಹಣ ಸರಕಾರಕ್ಕೆ ಸಲ್ಲಿಸುತ್ತೇನೆ ಎಂದು. ಇಷ್ಟರಿಂದಲೇ ಬಿಟ್ಟರೆ ಅದು ಸ್ವಂತ ಮುಚ್ಚಳಿಕೆ. ಇಷ್ಟು ಸಾಲದೆನಿಸಿದರೆ ಮತ್ತೊಬ್ಬನು ಬಂದು ‘ಇವನು ಬಾರದಿದ್ದರೆ ಆ ಹಣ ನಾನು ಕೊಡುವೆ’ ಎನ್ನಬೇಕು, ಅವನೇ ಜಾಮೀನುದಾರ. ಕೆಲವೆಡೆ ಹಣವನ್ನೇ ಕಟ್ಟಿ ಬಿಡಿಸಿಕೊಳ್ಳಲು ಅವಕಾಶವುಂಟು. ಎಲ್ಲದರ ಉದ್ದೇಶ ಒಂದೇ, ಆರೋಪಿಯ ಹಾಜರಾತಿ. ಹಣವು ಅದಕ್ಕೆ ಸಾಧನ ಮಾತ್ರ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದಿನ ಇತಿಹಾಸವೆಲ್ಲ ಇದನ್ನು ಮರೆತುದರ ಮತ್ತು ಮರಳಿ ನೆನೆದುದರ ಇತಿಹಾಸವೇ ಆಗಿದೆ.

ಹೊಣೆಯ ಕಾಯಿದೆಯನ್ನು ಇಂಗ್ಲಿಷರು ನಮಗೆ ಕಲಿಸಿದರೆಂದು ತಿಳಿಯುವವರುಂಟು. ಹಾಗೆ ತಿಳಿಯುವವರು ನಮ್ಮ ಸೀಮೆಯಿಂದ ಬಹು ದೂರವಲ್ಲದ ಕಲ್ಯಾಣವನ್ನು ಮರೆತಂತಾಯಿತು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನು (೧೦೭೬–೧೧೨೬) ಆಳುತ್ತಿದ್ದಾಗ ಆ ರಾಜಧಾನಿಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಕಲಬುರ್ಗಿ ಜಿಲ್ಲೆಯ ಮರತೂರು ಆತನ ಊರೆಂದು ಹೇಳುತ್ತಾರೆ. ಕೋಲ್‌ಬ್ರೂಕನು ೧೮೧೦ರಲ್ಲಿ ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಿರುಗಿಸಿದನು. ಅಂದಿನಿಂದ ಇಂಗ್ಲಿಷರ ನ್ಯಾಯಾಸನಗಳು ಅಣ್ಣತಮ್ಮಂದಿರ ಆಸ್ತಿಯ ವಾದಗಳನ್ನು ಮಿತಾಕ್ಷರೆಯ ಆಧಾರದಿಂದ ತೀರಿಸಿದವು. ಆದರೆ ಅದೇ ಗ್ರಂಥದ ಪ್ರತಿಭೂ ಪ್ರಕರಣ, ಎಂದರೆ ಹೊಣೆಗಾರನ ಪ್ರಕರಣ, ಪಂಡಿತರ ಮನೆಗಳಲ್ಲಿಯೇ ಉಳಿಯಿತು.

ಅಲ್ಲಿ ಹೊಣೆಯನ್ನು ಮೂರು ಬಗೆಯಾಗಿ ವಿಂಗಡಿಸಿದೆ. ಒಂದು ದರ್ಶನ: ‘ಇವನನ್ನು ಕರೆದಾಗ ತಂದು ತೋರಿಸುತ್ತೇನೆ’ ಎಂಬ ಹೊಣೆ. ಎರಡನೆಯದು ಪ್ರತ್ಯಯ: ‘ಇವನು ನಂಬತಕ್ಕವನು’ ಎಂಬ ಹೊಣೆ. ಮೂರನೆಯದು ದಾನ: ‘ಇವನು ಕೊಡದಿದ್ದರೆ ನಾನು ಕೊಡುತ್ತೇನೆ’ ಎಂಬ ಹೊಣೆ. ಮೊದಲಿನ ಎರಡರಲ್ಲಿ ಮಾತು ಸುಳ್ಳಾದರೆ ಹೊಣೆಗಾರನೊಬ್ಬನೇ ತೆರಬೇಕು, ಅವನ ಮಕ್ಕಳಿಗೆ ಆ ಭಾರವಿಲ್ಲ. ಮೂರನೆಯದರಲ್ಲಿ ಮಕ್ಕಳೂ ತೆರಬೇಕು. ಈ ವಿಭಾಗದಲ್ಲಿ ಎಂತಹ ಸೂಕ್ಷ್ಮವಿದೆ ನೋಡಿರಿ! ಮನುಷ್ಯನನ್ನು ತಂದು ನಿಲ್ಲಿಸುವ ಹೊಣೆ ಬೇರೆ, ಹಣ ಕೊಡುವ ಹೊಣೆ ಬೇರೆ ಎಂಬುದನ್ನು ಒಂಬತ್ತು ನೂರು ವರ್ಷಗಳ ಹಿಂದೆಯೇ ಕಲ್ಯಾಣದಲ್ಲಿ ಸ್ಪಷ್ಟವಾಗಿ ಅರಿತಿದ್ದರು. ಇಂದಿನ ಜಾಮೀನು ಹೆಸರಿನಿಂದ ದರ್ಶನದ ಹೊಣೆಯಾಗಿದ್ದು, ನಡೆಯುವ ರೀತಿಯಲ್ಲಿ ದಾನದ ಹೊಣೆಯಾಗಿದೆ. ಹೊಣೆಗಾರನು ಆರೋಪಿಯನ್ನು ಎಷ್ಟು ಬಲ್ಲನೆಂದು ಕೇಳುವುದಕ್ಕಿಂತ ಅವನ ಹೊಲ ಎಷ್ಟು ಎಕರೆಯೆಂದು ಕೇಳುವುದು ಹೆಚ್ಚು.

ಹಿಂದಿನ ಕಾಲವೆಲ್ಲ ಸುವರ್ಣಯುಗವೆಂದು ನಾವು ಹೇಳುವವರಲ್ಲ. ಅವಿಭಕ್ತ ಕುಟುಂಬದಲ್ಲಿ ಅಣ್ಣನಿಗೆ ತಮ್ಮ, ತಂದೆಗೆ ಮಗ, ಗಂಡನಿಗೆ ಹೆಂಡತಿ ಹೊಣೆಯಾಗಕೂಡದೆಂದು ಸ್ಮೃತಿಯು ವಿಧಿಸಿದೆ. ಆಸ್ತಿ ಒಂದೇ ಆಗಿರುವಾಗ ಆ ಹೊಣೆಗೆ ಅರ್ಥವೇನೆಂಬುದು ಅದರ ತರ್ಕ. ಮನೆಯವರ ಹೊರತು ಬೇರಾರೂ ಇಲ್ಲದ ಬಡವನ ಗತಿಯೇನು? ಅದಕ್ಕೂ ಉತ್ತರವಿದೆ, ಆದರೆ ಅದು ಕಹಿಯಾದ ಉತ್ತರ. ವ್ಯವಹಾರಕ್ಕೆ ತಕ್ಕ ಹೊಣೆಗಾರನು ಸಿಗದ ವಾದಿಯನ್ನು ಕಾವಲಿನಲ್ಲಿಡಬೇಕು, ದಿನದ ಕೊನೆಗೆ ಆ ಕಾವಲಿನವನ ಸಂಬಳವನ್ನು ಅವನೇ ಕೊಡಬೇಕು ಎಂದು ಕಾತ್ಯಾಯನನ ಮಾತು. ಹೊಣೆಗಾರನಿಲ್ಲದವನು ತನ್ನ ಸೆರೆಯ ಖರ್ಚನ್ನೂ ತಾನೇ ಹೊತ್ತನು! ಇದಕ್ಕೆ ಹೋಲಿಸಿದರೆ ಕೌಟಿಲ್ಯನು ತುಸು ದಯಾಳು ಎನ್ನಬೇಕು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚು ಮಾಡಿಸಿದ ಅರ್ಥಶಾಸ್ತ್ರದಲ್ಲಿ, ಅರಸನ ಜನ್ಮನಕ್ಷತ್ರದ ದಿನ ಮತ್ತು ಹುಣ್ಣಿಮೆಗಳಲ್ಲಿ ಬಾಲಕರು, ಮುದುಕರು, ರೋಗಿಗಳು, ಅನಾಥರು ಇವರನ್ನು ಸೆರೆಯಿಂದ ಬಿಡಬೇಕೆಂದು ಹೇಳಿದೆ. ಸೆರೆಮನೆ ತುಂಬಿದರೆ ಅದನ್ನು ಬರಿದು ಮಾಡುವುದು ಆಳುವವನ ಕೆಲಸವೆಂಬ ಅರಿವು ಅಂದೇ ಇದ್ದಿತು.

ಇಂಗ್ಲಿಷರ ನಾಡಿನಲ್ಲಿಯೂ ಈ ವಾದ ಹಳೆಯದು. ಯಾರನ್ನು ಹೊಣೆಯ ಮೇಲೆ ಬಿಡಬೇಕು, ಯಾರನ್ನು ಬಿಡಬಾರದೆಂದು ೧೨೭೫ರ ವೆಸ್ಟ್‌ಮಿನ್‌ಸ್ಟರ್ ಶಾಸನ ಗೊತ್ತುಪಡಿಸಿತು. ಮಿತಿಮೀರಿದ ಜಾಮೀನನ್ನು ಕೇಳಕೂಡದೆಂದು ೧೬೮೯ರ ಹಕ್ಕುಗಳ ಶಾಸನ ಸಾರಿತು. ಅವರು ಭಾರತಕ್ಕೆ ಕೊಟ್ಟ ಫೌಜದಾರಿ ಪ್ರಕ್ರಿಯೆಯ ಕಾಯಿದೆಯಲ್ಲಿ, ೧೮೯೮ರ ಆವೃತ್ತಿಯ ೪೯೮ನೆಯ ಕಲಮಿನಲ್ಲಿ, ಮುಚ್ಚಳಿಕೆಯ ಮೊತ್ತವು ಆಯಾ ಖಟ್ಲೆಯ ಪರಿಸ್ಥಿತಿಗೆ ತಕ್ಕಂತೆ ಇರಬೇಕು, ಅತಿಯಾಗಿರಕೂಡದು ಎಂದೇ ಬರೆದಿತ್ತು. ಆದ್ದರಿಂದ ಬರೆದ ಕಾಯಿದೆಯನ್ನು ನಾವು ದೂಷಿಸಲಾರೆವು. ಅತಿ ಎಂದರೆ ಯಾರಿಗೆ ಅತಿ ಎಂಬ ಪ್ರಶ್ನೆಯನ್ನು ಮಾತ್ರ ಅದು ಮ್ಯಾಜಿಸ್ಟ್ರೇಟನಿಗೆ ಬಿಟ್ಟಿತು. ನೂರು ರೂಪಾಯಿ ಸಾವುಕಾರನಿಗೆ ಒಂದು ದಿನದ ಲೆಕ್ಕ, ಕೂಲಿಯವನಿಗೆ ಒಂದು ವರ್ಷದ ಕನಸು.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಗಂಟು ಬಿದ್ದಿತು. ೧೮೪೮ರಲ್ಲಿ ಸಾತಾರಾ ರಾಜ್ಯವು ಇಂಗ್ಲಿಷರ ವಶವಾದಂದಿನಿಂದ ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಅಕ್ಕಲಕೋಟ ಸಂಸ್ಥಾನವು ಭೋಸಲೆ ಮನೆತನದ ಆಳಿಕೆಯಲ್ಲಿ, ಇಂಗ್ಲಿಷರ ನೆರಳಿನಲ್ಲಿ ಇದ್ದಿತು. ಪಕ್ಕದ ಸೋಲಾಪುರ ಇಂಗ್ಲಿಷರ ಜಿಲ್ಲೆ. ದಕ್ಷಿಣಕ್ಕೆ ಭೀಮೆಯನ್ನು ದಾಟಿದರೆ ಇಂಡಿಯ ಕಡೆಯದು ವಿಜಾಪುರ ಜಿಲ್ಲೆ. ಮೂಡಲಲ್ಲಿ ಆಳಂದ, ಅಫಜಲಪುರಗಳು ನಿಜಾಮನ ರಾಜ್ಯ. ಒಂದೇ ದಿನದ ಬಂಡಿಯ ಹಾದಿಯಲ್ಲಿ ಮೂರು ಪ್ರಭುತ್ವಗಳು, ಮೂರು ಕಚೇರಿಗಳು! ಆದರೆ ಬೀಗತನಕ್ಕೆ ಈ ಸೀಮೆಗಳ ಅರಿವಿರಲಿಲ್ಲ. ಅಕ್ಕಲಕೋಟದ ಹೆಣ್ಣು ಆಳಂದಕ್ಕೆ, ಇಂಡಿಯ ಹೆಣ್ಣು ಅಕ್ಕಲಕೋಟಕ್ಕೆ ಎಂದು ನಡೆದುಬಂದ ಸಂಬಂಧಗಳು ೧೯೫೬ರ ನವೆಂಬರ ೧ರಂದು ರಾಜ್ಯಗಳ ಪುನರ್ರಚನೆಯಾದ ಮೇಲೆಯೂ ನಿಲ್ಲಲಿಲ್ಲ, ಇಂದಿಗೂ ನಿಂತಿಲ್ಲ. ಕಷ್ಟ ಬಂದಾಗ ಹೊಣೆಯಾಗುವವನು ಸೋದರಮಾವ, ಇಲ್ಲವೆ ಅಳಿಯ, ಇಲ್ಲವೆ ಬೀಗ. ಅವನ ಹೊಲ ಗಡಿಯ ಆಚೆ. ಹೊಣೆ ಕೇಳುವ ಕಚೇರಿ ಗಡಿಯ ಈಚೆ. ಈ ಮಾತಿಗೆ ನಾವು ಮತ್ತೆ ಬರುವೆವು.

೧೮೯೮ರ ಕಾಯಿದೆಯಲ್ಲಿ ಇನ್ನೊಂದು ಬಗೆಯ ಹೊಣೆ ಇದ್ದಿತು. ಅದರ ಕಥೆ ಸೋಲಾಪುರದಲ್ಲಿ ಎಲ್ಲಕ್ಕಿಂತ ಕಠೋರವಾಗಿ ನಡೆಯಿತು. ೧೦೯ ಮತ್ತು ೧೧೦ನೆಯ ಕಲಮುಗಳಂತೆ, ಕಣ್ಣಿಗೆ ಕಾಣುವ ಜೀವನೋಪಾಯವಿಲ್ಲದವನಿಂದಲೂ ರೂಢಿಯ ಅಪರಾಧಿಯೆಂದು ಹೆಸರಾದವನಿಂದಲೂ ‘ಸನ್ನಡತೆಯ ಜಾಮೀನು’ ಕೇಳಬಹುದಾಗಿತ್ತು. ಯಾವ ಕಳವೂ ಅವನ ಮೇಲೆ ಸಿದ್ಧವಾಗಬೇಕಾಗಿರಲಿಲ್ಲ. ಜಾಮೀನು ಕೊಟ್ಟರೆ ಮನೆಗೆ, ಕೊಡದಿದ್ದರೆ ಸೆರೆಗೆ. ಜೀವನೋಪಾಯವೇ ಇಲ್ಲದವನಿಗೆ ಹೊಲವುಳ್ಳ ಹೊಣೆಗಾರನನ್ನು ತಾರೆಂದು ಹೇಳುವುದು ಎಂತಹ ವಿನೋದ! ಇದೇ ಕಾಲದಲ್ಲಿ ಕೈಕಾಡಿ, ಪಾರಧಿ, ಭಾಟ, ಮಾಂಗಗಾರುಡಿ ಮೊದಲಾದ ಅಲೆಮಾರಿ ಜನರನ್ನು ೧೮೭೧ರಲ್ಲಿ ಹುಟ್ಟಿ ೧೯೧೧ ಮತ್ತು ೧೯೨೪ರಲ್ಲಿ ತಿದ್ದಿ ಬರೆದ ಅಪರಾಧಿ ಜಾತಿಗಳ ಕಾಯಿದೆಯಡಿ ಹಿಡಿದು ತಂತಿ ಬೇಲಿಯೊಳಗೆ ಇರಿಸಿದರು. ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿಯು ವಿಜಾಪುರದಲ್ಲಿ ಮೊದಲಿಟ್ಟ ಈ ವಸಾಹತುಗಳು ಹುಬ್ಬಳ್ಳಿ, ಗದಗ, ಸೋಲಾಪುರಗಳಿಗೂ ಹಬ್ಬಿದವು. ಅವರಲ್ಲಿ ಕೆಲವರ ಮನೆಮಾತು ಕನ್ನಡದ ಬಳಗಕ್ಕೇ ಸೇರಿದುದು. ಅವರು ಗಿರಣಿಗೆ ದುಡಿಯಲು ಹೋಗುವರು, ಹಾಜರಿ ಕೊಡುವರು, ಪಾಸು ಇಲ್ಲದೆ ಊರು ಬಿಡಲಾರರು. ಹುಟ್ಟಿನಿಂದಲೇ ಅಪರಾಧಿಯೆನಿಸಿದವನಿಗೆ ಯಾರು ಹೊಣೆಯಾಗಬೇಕು? ೧೯೫೨ರ ಆಗಸ್ಟ ೩೧ರಂದು ಈ ಕಾಯಿದೆ ತೊಲಗಿತು. ಆ ಜನರು ‘ವಿಮುಕ್ತ’ರೆನಿಸಿದರು. ಸನ್ನಡತೆಯ ಜಾಮೀನಿನ ಕಲಮು ಮಾತ್ರ ೧೯೭೩ರ ಸಂಹಿತೆಯಲ್ಲಿಯೂ ಉಳಿಯಿತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ೧೨೯ನೆಯ ಕಲಮಾಗಿ ಇಂದಿಗೂ ಇದೆ.

ಹೊಣೆ ಕೊಡಲಾರದವರ ಜೊತೆಗೆ ಹೊಣೆ ಕೊಡಲೊಲ್ಲದವರೂ ನಮ್ಮ ಸೆರೆಮನೆಗಳನ್ನು ತುಂಬಿದ ಕಾಲವೊಂದಿತ್ತು. ೧೯೧೭ರ ಏಪ್ರಿಲ್‌ನಲ್ಲಿ ಚಂಪಾರಣ್ಯದ ಮೋತಿಹಾರಿಯ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟನು ಎರಡು ತಾಸಿನ ಬಿಡುವಿನ ಮಟ್ಟಿಗೆ ಜಾಮೀನು ಕೊಡಿರೆಂದು ಗಾಂಧೀಜಿಯವರನ್ನು ಕೇಳಿದನು. ಅವರು ಕೊಡಲಿಲ್ಲ. ಮ್ಯಾಜಿಸ್ಟ್ರೇಟನು ಜಾಮೀನಿಲ್ಲದೆಯೇ ಅವರನ್ನು ಬಿಟ್ಟನು. ಬರುವೆನೆಂದ ಮನುಷ್ಯನು ಬಂದೇ ಬರುವನೆಂಬುದು ಅವನಿಗೂ ಗೊತ್ತಿತ್ತು. ದರ್ಶನ, ಪ್ರತ್ಯಯಗಳೆರಡೂ ಅಲ್ಲಿ ಒಬ್ಬನಲ್ಲಿಯೇ ಕೂಡಿದ್ದವೆಂದು ವಿಜ್ಞಾನೇಶ್ವರನು ಹೇಳುತ್ತಿದ್ದನೇನೋ. ಅಲ್ಲಿಂದ ಮುಂದೆ ಜಾಮೀನು ಕೊಡದೆ ಸೆರೆಗೆ ಹೋಗುವುದು ಸತ್ಯಾಗ್ರಹಿಯ ನಡೆವಳಿಯೇ ಆಯಿತು.

ಸೋಲಾಪುರವು ಆ ದಿನಗಳನ್ನು ಹೇಗೆ ಕಂಡಿತೆಂಬುದನ್ನು ನಮ್ಮ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ೧೯೩೦ರ ಮೇ ತಿಂಗಳ ಮೊದಲ ವಾರದಲ್ಲಿ ಗಾಂಧೀಜಿಯವರ ಬಂಧನವಾದ ಸುದ್ದಿ ಬರುತ್ತಲೆ ಗಿರಣಿಯ ಕೆಲಸಗಾರರು ಬೀದಿಗಿಳಿದರು. ೮ರಂದು ಗೋಳೀಬಾರು ನಡೆಯಿತು. ೧೨ರಿಂದ ಜೂನ್ ಕೊನೆಯವರೆಗೆ ಊರ ಮೇಲೆ ಲಷ್ಕರಿ ಕಾಯಿದೆ. ಆ ಏಳು ವಾರಗಳಲ್ಲಿ ಜಾಮೀನಿನ ಮಾತೆತ್ತುವಂತೆಯೇ ಇರಲಿಲ್ಲ. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಎಂಬ ನಾಲ್ವರನ್ನು ೧೯೩೧ರ ಜನವರಿ ೧೨ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಅವರ ಪುತ್ಥಳಿಗಳು ಸೋಲಾಪುರದ ಹೃದಯದಲ್ಲಿ ನಿಂತಿವೆ. ಶಾಲೆಯ ಮಕ್ಕಳು ಆ ದಾರಿಯಲ್ಲಿ ನಿತ್ಯ ನಡೆಯುತ್ತಾರೆ. ಅದೇ ಮಾರ್ಚಿನಲ್ಲಿ ಗಾಂಧೀ–ಆಯರ್ವಿನ್ ಒಪ್ಪಂದವಾಗಿ, ದೇಶದ ಸೆರೆಮನೆಗಳಿಂದ ಅಹಿಂಸಕ ಸತ್ಯಾಗ್ರಹಿಗಳು ಸಾವಿರಗಟ್ಟಲೆ ಹೊರಬಂದರು. ಊರು ಊರುಗಳಲ್ಲಿ ಹೂಮಾಲೆಗಳು ಕಾದಿದ್ದವು. ಅವರೊಡನೆ ಅದೇ ಸೆರೆಮನೆಗಳಲ್ಲಿದ್ದ ೧೦೯ನೆಯ ಕಲಮಿನ ಬಡವನಿಗೆ ಮಾತ್ರ ಯಾವ ಒಪ್ಪಂದವೂ ಇರಲಿಲ್ಲ. ಒಲ್ಲೆನೆಂದವರನ್ನು ನಮ್ಮ ಇತಿಹಾಸವು ಹೆಸರು ಹಿಡಿದು ಬರೆದುಕೊಂಡಿದೆ, ಬರೆದುಕೊಳ್ಳಬೇಕಾದುದೇ. ಆಗದೆಂದವರ ಹೆಸರುಗಳು ಸೆರೆಮನೆಯ ದಫ್ತರದ ಆಚೆಗೆ ಬರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಮೂರು ದಶಕಗಳ ಕಾಲ ಈ ವಿಷಯದಲ್ಲಿ ಹೇಳಿಕೊಳ್ಳುವಂತಹ ಬದಲಾವಣೆಯಾಗಲಿಲ್ಲ. ಆಮೇಲೆ ಒಬ್ಬ ಗವಂಡಿಯ ಖಟ್ಲೆ ಬಂದಿತು. ಮಧ್ಯಪ್ರದೇಶದ ಮೋತಿರಾಮ ಎಂಬ ಆ ಗವಂಡಿಯನ್ನು ಜಾಮೀನಿನ ಮೇಲೆ ಬಿಡಬೇಕೆಂದು ಸರ್ವೋಚ್ಚ ನ್ಯಾಯಾಲಯವೇ ಅಪ್ಪಣೆ ಮಾಡಿತ್ತು. ಮೊತ್ತವನ್ನು ಗೊತ್ತುಪಡಿಸುವ ಕೆಲಸ ಕೆಳಗಿನ ಮ್ಯಾಜಿಸ್ಟ್ರೇಟರಿಗೆ ಬಿದ್ದಿತು. ಅವರು ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿದರು. ಮೋತಿರಾಮನ ಅಣ್ಣನೋ ತಮ್ಮನೋ ಒಬ್ಬನು ಹೊಣೆಯಾಗಲು ಮುಂದೆ ಬಂದನು. ಅವನೂ ಅವನ ಆಸ್ತಿಯೂ ಬೇರೊಂದು ಜಿಲ್ಲೆಯಲ್ಲಿವೆ ಎಂಬ ಕಾರಣದಿಂದ ಆ ಹೊಣೆ ತಿರಸ್ಕೃತವಾಯಿತು. ಗವಂಡಿ ಸೆರೆಯಲ್ಲಿಯೇ ಉಳಿದು ಮತ್ತೆ ದಿಲ್ಲಿಯ ಬಾಗಿಲನ್ನು ತಟ್ಟಬೇಕಾಯಿತು.

೧೯೭೮ರ ಆಗಸ್ಟ ೨೪ರಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಕೊಟ್ಟ ತೀರ್ಪನ್ನು ನಮ್ಮ ಗಡಿನಾಡಿನ ಪ್ರತಿಯೊಬ್ಬ ಶಿಕ್ಷಕನೂ ಓದಬೇಕೆಂದು ನಮಗನಿಸುತ್ತದೆ. ಒಬ್ಬ ಗವಂಡಿಯಿಂದ ಹತ್ತು ಸಾವಿರ ಕೇಳುವುದು ಮನಸ್ಸಾಕ್ಷಿಯನ್ನು ನಡುಗಿಸುವ ಮಾತೆಂದು ಅವರು ಬರೆದರು. ಅದಕ್ಕಿಂತ ಹೆಚ್ಚಾಗಿ ಅವರನ್ನು ನೋಯಿಸಿದುದು ಜಿಲ್ಲೆಯ ಮಾತು. ಹೊಣೆಗಾರನು ಕೋರ್ಟಿನ ಜಿಲ್ಲೆಯವನೇ ಆಗಬೇಕೆಂದು ಯಾವ ಕಾಯಿದೆ ಹೇಳಿದೆಯೆಂದು ಅವರು ಕೇಳಿದರು. ದೂರದ ಬಸ್ತರದಲ್ಲಿಯೋ ಪೋರ್ಟ್‌ಬ್ಲೇರಿನಲ್ಲಿಯೋ ದಿಲ್ಲಿಯ ಚಾಂದನೀ ಚೌಕದಲ್ಲಿಯೋ ಸಿಕ್ಕಿಬಿದ್ದ ಮಲೆಯಾಳಿ, ತಮಿಳ, ತೆಲುಗರ ಗತಿಯೇನೆಂದು ಕೇಳುವಾಗ ಆ ಸಾಲಿನಲ್ಲಿ ‘ಕನ್ನಡಿಗ’ನ ಹೆಸರನ್ನೂ ಅವರು ಸೇರಿಸಿದ್ದಾರೆ. ಇಂತಹ ಪ್ರಾಂತೀಯ ಮುನಿಸುಗಳನ್ನು ನ್ಯಾಯಾಸನವೇ ಪಾಲಿಸಿದರೆ ದೇಶದ ಐಕ್ಯ ಒಡೆಯುವುದೆಂದು ಎಚ್ಚರಿಸಿದರು. ಪ್ರದೇಶದ ಭಾಷೆಯಲ್ಲಿ ಅರ್ಜಿ ಇಲ್ಲವೆಂದು ತಳ್ಳುವುದನ್ನೂ ಅದೇ ಉಸಿರಿನಲ್ಲಿ ಆಕ್ಷೇಪಿಸಿದರು. ಸಂವಿಧಾನದ ೧೪ನೆಯ ಅನುಚ್ಛೇದವು ಭಾರತೀಯನನ್ನು ಭಾರತೀಯನೆಂದೇ ರಕ್ಷಿಸುವುದು, ಇಂತಹ ಜಿಲ್ಲೆಯವನೆಂದಲ್ಲ. ಮೋತಿರಾಮನನ್ನು ಒಂದು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಆಜ್ಞೆಯಾಯಿತು.

ಈ ತೀರ್ಪಿನ ಮಹತ್ವವನ್ನು ನಾವು ದೂರದ ಬಸ್ತರದಿಂದ ಅಳೆಯಬೇಕಾಗಿಲ್ಲ. ಚಪಳಗಾಂವದ ಸುತ್ತಿನ ಒಬ್ಬ ಕೂಲಿಕಾರನು ಸಣ್ಣದೊಂದು ಆರೋಪದಲ್ಲಿ ಸಿಕ್ಕನೆಂದು ಕಲ್ಪಿಸಿಕೊಳ್ಳಿರಿ. ಅವನಿಗೆ ಸ್ವಂತ ಹೊಲವಿಲ್ಲ. ಊರ ಗೌಡರೋ ಸಾವುಕಾರರೋ ಹೊಣೆಯಾಗಬಹುದು. ಆದರೆ ಆ ಋಣ ಮುಂದಿನ ಸುಗ್ಗಿಯ ಕೂಲಿಯಲ್ಲಿ ತೀರಬೇಕಾದೀತು. ಆಳಂದದ ಕಡೆಯ ಅಳಿಯನು ಮರುದಿನವೇ ಬಸ್ಸು ಹಿಡಿದು ಬರುತ್ತಾನೆ. ಅವನ ಕೈಯಲ್ಲಿರುವುದು ಕನ್ನಡದ ಪಹಣಿ. ಮೇಜಿನ ಮೇಲೆ ಬೇಕಾಗಿರುವುದು ಮರಾಠಿಯ ಸಾತಬಾರಾ. ಅಳಿಯನಿಗೆ ಮಾವನು ಎಲ್ಲಿ ಹೋಗುವನು, ಎಲ್ಲಿ ಹೋಗನು ಎಂಬುದೆಲ್ಲ ತಿಳಿದಿದೆ. ಬೇಕಾದರೆ ಕೈಹಿಡಿದು ಕರೆತರಬಲ್ಲನು. ಯಾಜ್ಞವಲ್ಕ್ಯನ ಲೆಕ್ಕದಲ್ಲಿ ಅವನೇ ಉತ್ತಮ ದರ್ಶನಪ್ರತಿಭೂ. ಉತಾರ ನೋಡುವ ಕಚೇರಿಗೆ ಮಾತ್ರ ಅವನು ಪರರಾಜ್ಯದವನು. ಆಗ ಕೋರ್ಟಿನ ಅಂಗಳದಲ್ಲಿ ಹಣ ತೆಗೆದುಕೊಂಡು ಹೊಣೆಯಾಗುವ ಜನರನ್ನು ಹುಡುಕುವುದೊಂದೇ ಉಳಿದ ದಾರಿ. ಆರೋಪಿಯ ಮುಖವನ್ನೇ ಅರಿಯದ ಆ ಹೊಣೆಗಾರನು ಅವನನ್ನು ಎಲ್ಲಿಂದ ಕರೆತಂದಾನು? ಕಾಗದ ಸರಿಯಾಗಿದೆ, ಹೊಣೆ ಸುಳ್ಳಾಗಿದೆ. ಬಲ್ಲವನನ್ನು ಬಿಟ್ಟು ಬಲ್ಲದವನನ್ನು ಒಪ್ಪುವ ಈ ಪದ್ಧತಿಯಿಂದ ಆರೋಪಿಯ ಹಾಜರಾತಿ ಹೇಗೆ ಭದ್ರವಾಯಿತೆಂಬುದು ನಮಗೆ ತಿಳಿಯದು.

ಮೋತಿರಾಮನ ತೀರ್ಪಿನ ಮರುವರ್ಷವೇ ಬಿಹಾರದ ಸೆರೆಮನೆಗಳ ಕಥೆ ಹೊರಬಿದ್ದಿತು. ಪೋಲೀಸ್ ಆಯೋಗದ ಸದಸ್ಯರಾಗಿದ್ದ ಕೆ. ಎಫ್. ರುಸ್ತುಂಜಿಯವರು ಕಂಡು ಬರೆದುದನ್ನು ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆ ೧೯೭೯ರ ಜನವರಿ ೮ ಮತ್ತು ೯ರಂದು ಪ್ರಕಟಿಸಿತು. ಅದನ್ನೋದಿದ ವಕೀಲೆ ಪುಷ್ಪಾ ಕಪಿಲಾ ಹಿಂಗೋರಾಣಿಯವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಹುಸೇನಾರಾ ಖಾತೂನ್ ಎಂಬ ಹೆಣ್ಣುಮಗಳ ಹೆಸರಿನಿಂದ ಪ್ರಸಿದ್ಧವಾದ ಖಟ್ಲೆ ಅದು. ಅಪರಾಧ ಸಿದ್ಧವಾಗಿದ್ದರೂ ಅಷ್ಟು ಕಾಲ ಶಿಕ್ಷೆಯಾಗುತ್ತಿರಲಿಲ್ಲ, ಅದಕ್ಕಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆಯೇ ಕೊಳೆತವರು ಅಲ್ಲಿದ್ದರು. ನ್ಯಾಯಮೂರ್ತಿ ಪಿ. ಎನ್. ಭಗವತಿಯವರು, ಶೀಘ್ರವಾದ ವಿಚಾರಣೆ ಸಂವಿಧಾನದ ೨೧ನೆಯ ಅನುಚ್ಛೇದದೊಳಗೇ ಅಡಗಿದೆಯೆಂದು ಸಾರಿದರು. ಜಾಮೀನಿನ ವಿಷಯದಲ್ಲಿ ಅವರು ಹೇಳಿದುದು ನಮ್ಮ ಹಳ್ಳಿಗನಿಗೂ ಅರ್ಥವಾಗುವ ಮಾತು: ಹಣವನ್ನು ನೋಡಬೇಡಿರಿ, ಬೇರನ್ನು ನೋಡಿರಿ. ಆರೋಪಿ ಆ ಊರಲ್ಲಿ ಎಷ್ಟು ಕಾಲದಿಂದ ಇದ್ದಾನೆ, ಏನು ಕೆಲಸ ಮಾಡುತ್ತಾನೆ, ಹೆಂಡಿರು ಮಕ್ಕಳು ಎಲ್ಲಿದ್ದಾರೆ, ನಾಲ್ಕು ಜನ ಅವನನ್ನು ಏನೆನ್ನುತ್ತಾರೆ ಎಂಬುದನ್ನು ತೂಗಿ, ಬೇರು ಬಿಟ್ಟವನನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬಹುದು.

ಈ ವಿಚಾರಕ್ಕೆ ಅಮೆರಿಕೆಯಲ್ಲಿ ನಡೆದ ಪ್ರಯೋಗವೊಂದರ ಬೆಂಬಲವಿತ್ತು. ೧೯೬೧ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ನಿನಲ್ಲಿ ವೇರಾ ಪ್ರತಿಷ್ಠಾನದವರು ಕಾಯ್ದೆ ಓದುವ ವಿದ್ಯಾರ್ಥಿಗಳನ್ನು ಸೆರೆಮನೆಗೆ ಕಳುಹಿಸಿ ಇಂತಹವೇ ಪ್ರಶ್ನೆಗಳನ್ನು ಕೇಳಿಸಿದರು. ಬೇರುಳ್ಳವರೆಂದು ಕಂಡವರನ್ನು ಹಣವಿಲ್ಲದೆ ಬಿಡಿಸಿದರೆ ಅವರಲ್ಲಿ ನೂರಕ್ಕೆ ಇಬ್ಬರೂ ತಪ್ಪಿಸಿಕೊಳ್ಳಲಿಲ್ಲ. ೧೯೬೬ರಲ್ಲಿ ಅಲ್ಲಿ ಜಾಮೀನು ಸುಧಾರಣೆಯ ಕಾಯಿದೆಯೇ ಬಂದಿತು. ಆದರೂ ಹಣದ ಜಾಮೀನು ಅಲ್ಲಿ ಅಳಿದುಹೋಗಲಿಲ್ಲ. ಇಲಿನಾಯ್ ರಾಜ್ಯವು ೨೦೨೩ರ ಸೆಪ್ಟೆಂಬರಿನಲ್ಲಿ ಅದನ್ನು ಪೂರ್ಣವಾಗಿ ತೆಗೆದಾಗ ಹಾಗೆ ಮಾಡಿದ ಮೊದಲನೆಯ ರಾಜ್ಯವೆನಿಸಿತು. ಸಿರಿವಂತ ದೇಶಕ್ಕೂ ಈ ಗಂಟು ಸಡಿಲಿಸಲು ಅಷ್ಟು ಕಾಲ ಬೇಕಾಯಿತು.

ಇತ್ತ ನಮ್ಮ ಕಾಯಿದೆಯೂ ಮೆಲ್ಲನೆ ನಡೆದು ಬಂದಿತು. ೨೦೦೫ರ ತಿದ್ದುಪಡಿಯಂತೆ, ಜಾಮೀನು ಕೊಡಬಹುದಾದ ಅಪರಾಧದಲ್ಲಿ ಬಂಧನವಾದ ಒಂದು ವಾರದೊಳಗೆ ಜಾಮೀನು ಕೊಡಲಾರದವನನ್ನು ನಿರ್ಗತಿಕನೆಂದು ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ಆಗಬಹುದಾದ ಶಿಕ್ಷೆಯ ಅರ್ಧ ಕಾಲವನ್ನು ವಿಚಾರಣೆಯಲ್ಲಿಯೇ ಕಳೆದವನನ್ನು ಬಿಡಬೇಕೆಂಬ ನಿಯಮವೂ ಆಗಲೇ ಬಂದಿತು. ಹೊಸ ಸಂಹಿತೆಯ ೪೭೯ನೆಯ ಕಲಮು ಮೊದಲ ಸಲದ ಆರೋಪಿಗೆ ಅದನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿತು. ಮರಣದಂಡನೆ, ಆಜೀವ ಸೆರೆಗಳ ಆರೋಪಗಳಿಗೆ ಇದು ಅನ್ವಯಿಸದು. ಕೋರ್ಟಿಗೆ ಅರ್ಜಿ ಕಳುಹಿಸುವ ಕರ್ತವ್ಯವನ್ನು ಸೆರೆಮನೆಯ ಅಧೀಕ್ಷಕನ ಮೇಲೆಯೇ ಹೊರಿಸಿದುದು ಒಳ್ಳೆಯ ಕೆಲಸ; ಅಕ್ಷರ ಅರಿಯದ ಬಂದಿ ತನ್ನ ದಿನಗಳನ್ನು ತಾನೇ ಎಣಿಸಿ ಅರ್ಜಿ ಬರೆಯಬೇಕಾಗಿಲ್ಲ.

ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರವಾದುದು ೨೦೨೩ರ ಜನವರಿ ೩೧ರ ಆಜ್ಞೆ. ಜಾಮೀನು ಮಂಜೂರಾಗಿಯೂ ಹೊರಬರಲಾರದೆ ಸುಮಾರು ೫,೦೦೦ ಜನ ಸೆರೆಯಲ್ಲಿದ್ದರೆಂದು, ಅವರಲ್ಲಿ ೧,೪೧೭ ಜನ ಕಾಯಿದೆಯ ನೆರವಿನಿಂದ ಬಿಡುಗಡೆಯಾದರೆಂದು ಸರ್ವೋಚ್ಚ ನ್ಯಾಯಾಲಯದ ಮುಂದೆ ಲೆಕ್ಕ ಬಂದಿತು. ಅಂತಹವರ ಪಟ್ಟಿಯನ್ನು ಸೆರೆಮನೆಯವರು ಇಡಬೇಕು, ಒಂದು ತಿಂಗಳಾದರೂ ಜಾಮೀನು ಕೊಡಲಾರದವನ ಷರತ್ತನ್ನು ಸಡಿಲಿಸುವ ವಿಚಾರವನ್ನು ಕೋರ್ಟು ತಾನಾಗಿಯೇ ಮಾಡಬಹುದು ಎಂದು ಆಜ್ಞೆಯಾಯಿತು. ಕೊನೆಯ ಸೂಚನೆ, ಸ್ಥಳೀಯ ಹೊಣೆಗಾರನೇ ಬೇಕೆಂಬ ಹಟವು ಬಿಡುಗಡೆಯನ್ನು ತಡೆಯುವ ಕಾರಣಗಳಲ್ಲೊಂದು, ಅಂತಹಲ್ಲಿ ಆ ಷರತ್ತನ್ನು ಹಾಕದಿರಬಹುದು ಎಂದು. ಮೋತಿರಾಮನ ತೀರ್ಪಿಗೆ ಆಗ ನಾಲ್ವತ್ತೈದನೆಯ ವರ್ಷ ನಡೆದಿತ್ತು. ಒಮ್ಮೆ ಹೇಳಿದ ಮಾತನ್ನು ಅಷ್ಟು ವರ್ಷಗಳ ಮೇಲೆ ಮತ್ತೆ ಹೇಳಬೇಕಾದರೆ, ಮೊದಲಿನ ಮಾತು ಕೆಳಗಿನ ಕಚೇರಿಗಳವರೆಗೆ ಎಷ್ಟು ಇಳಿದಿತ್ತೆಂಬುದನ್ನು ವಾಚಕರೇ ಊಹಿಸಲಿ. ಅದೇ ವರ್ಷ ಕೇಂದ್ರ ಸರಕಾರವು ಬಡ ಬಂದಿಗಳ ನೆರವಿಗಾಗಿ ಯೋಜನೆಯೊಂದನ್ನು ಹೂಡಿತು. ಅದರಂತೆ ಜಿಲ್ಲೆಯ ಸಮಿತಿಯೊಂದು ವಿಚಾರಿಸಿ, ವಿಚಾರಣಾಧೀನ ಬಂದಿಯ ಜಾಮೀನಿಗೆ ೪೦,೦೦೦ ರೂಪಾಯಿಯವರೆಗೆ, ಶಿಕ್ಷೆ ಪಡೆದವನ ದಂಡಕ್ಕೆ ೨೫,೦೦೦ ರೂಪಾಯಿಯವರೆಗೆ ಕೊಡಬಹುದೆಂದು ಆಗ ಗೊತ್ತುಪಡಿಸಿದ್ದರು. ಹಣವಿಲ್ಲದ್ದಕ್ಕೆ ಹಣವನ್ನೇ ಮದ್ದಾಗಿ ಕೊಟ್ಟಂತಾಯಿತು ಇದು, ಒಪ್ಪತಕ್ಕದ್ದೇ. ಆದರೆ ಹೊಣೆಗಾರನಿದ್ದೂ ಅವನು ಗಡಿಯಾಚೆಯವನಾದ ಬಂದಿಗೆ ಸಾಲುವ ಮದ್ದು ಇದಲ್ಲ.

ಗಡಿಯಾಚೆಯ ಆಸ್ತಿಯನ್ನು ಖಾತ್ರಿ ಮಾಡಿಕೊಳ್ಳುವುದು ಕಠಿಣ, ಆದ್ದರಿಂದಲೇ ಸ್ಥಳೀಯರನ್ನು ಕೇಳುತ್ತಾರೆ ಎಂಬ ಸಮಾಧಾನವನ್ನು ನಾವು ಬಲ್ಲೆವು. ಸಂಸ್ಥಾನದ ಕಾಲದಲ್ಲಿ ಅದು ನಿಜವೇ ಆಗಿತ್ತು; ನಿಜಾಮನ ಕಚೇರಿಗೆ ಪತ್ರ ಬರೆದು ಉತ್ತರ ಕಾಯಬೇಕಾಗಿತ್ತು. ಮೋತಿರಾಮನ ಕಾಲದಲ್ಲಿಯೂ ಅರ್ಧ ನಿಜವಾಗಿತ್ತೆನ್ನೋಣ. ೨೦೦೦ದ ಸುಮಾರಿಗೆ ಕರ್ನಾಟಕ ಸರಕಾರವು ‘ಭೂಮಿ’ ಎಂಬ ಯೋಜನೆಯಿಂದ ತನ್ನ ಪಹಣಿಗಳನ್ನೆಲ್ಲ ಗಣಕಯಂತ್ರಕ್ಕೆ ಏರಿಸಿತು. ಮಹಾರಾಷ್ಟ್ರದ ಸಾತಬಾರಾಗಳಿಗೂ ಆಮೇಲೆ ಅದೇ ಗತಿಯಾಯಿತು. ಅಕ್ಕಲಕೋಟದ ಕಚೇರಿಯಲ್ಲಿ ಕುಳಿತು ಆಳಂದದ ಹೊಲವೊಂದು ಯಾರ ಹೆಸರಿನಲ್ಲಿದೆಯೆಂದು ನೋಡಲು ಇಂದು ಕೆಲವು ನಿಮಿಷಗಳು ಸಾಕು. ಆ ಪಹಣಿಯ ಮೇಲೆ ಬರೆದುದನ್ನು ಓದಿ ಹೇಳಲು ಕನ್ನಡ ಬಲ್ಲವನೊಬ್ಬನು ಬೇಕಾಗುತ್ತಾನೆ. ಅಂತಹವರು ಅಕ್ಕಲಕೋಟ ತಾಲೂಕಿನಲ್ಲಿ ಊರಿಗೊಬ್ಬರಂತೂ ಇದ್ದೇ ಇದ್ದಾರೆ.